ನೀನು ಬರೆದ ಆ ಚೀಟಿ

ನನ್ನ ತಮ್ಮನ ಹೆಂಡತಿಗೆ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಈ ಕಾಗದದಲ್ಲಿ ಸುಳ್ಳು ಬರೆಯಬಾರದೆಂದು ಕೂತವಳು ಮೊದಲನೇ ಪದದಲ್ಲೇ ಯಾಕೆ ಶುರು ಮಾಡಲಿ? ಅಂಗಡಿಯ ಬಾಗಿಲು ಅರ್ಧ ಎಳೆದಿದ್ದೇನೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಯಾರದೋ ತೋಳು ಬಿಚ್ಚಿದ ಕೋಟು, ಅದರ ಪಕ್ಕದಲ್ಲಿ ಈ ಹಾಳೆ. ಮಧ್ಯಾಹ್ನ ಎರಡು ಗಂಟೆ. ಈ ಹೊತ್ತಿಗೆ ನೀನು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಅವನಿಗೆ ಸೂಪು ಕುಡಿಸುತ್ತಿರುತ್ತೀಯ. ಹನ್ನೆರಡು ದಿನದ ಹಿಂದೆ ಎದೆ ಬಿಚ್ಚಿಸಿಕೊಂಡು ಬದುಕಿ ಬಂದ ತಮ್ಮನ ಬಾಯಿಗೆ ಇನ್ನೊಬ್ಬಳು ಚಮಚ ಹಿಡಿದಿದ್ದಾಳೆಂದು ಹೊಟ್ಟೆ ಉರಿದುಕೊಳ್ಳುವ ಹೆಂಗಸು ನಾನು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸ್ವಲ್ಪ ಸುಲಭವಾದೀತು.

ನಾಳೆ ಅವನನ್ನು ಮನೆಗೆ ಕಳಿಸುತ್ತಾರೆ. ಅಷ್ಟರೊಳಗೆ ನೀನು ಇದನ್ನು ಓದಿರಬೇಕು. ಓದಿದ ಮೇಲೆ ಅವನನ್ನು ಯಾವ ಮನೆಗೆ ಕರೆದುಕೊಂಡು ಹೋಗಬೇಕೆಂದು ನೀನೇ ತೀರ್ಮಾನಿಸು. ನಾವು ಮೂವರೂ ಇರುವ ನಾಲ್ಕನೇ ಮಹಡಿಯ ಮನೆಗೋ, ಅಥವಾ ಈಜುಕೊಳದ ಹಿಂದಿನ ಬೀದಿಯಲ್ಲಿ ನೀನು ನೋಡಿಟ್ಟಿರುವ ಮೆಟ್ಟಿಲಿಲ್ಲದ ಎರಡು ಕೋಣೆಯ ಮನೆಗೋ. ಆ ಮನೆಯ ಮಾತೆತ್ತಿದಾಗ ನಾನು ಮೂರು ದಿನ ಮುಖ ಊದಿಸಿಕೊಂಡು ತಿರುಗಿದ್ದು ನಿನಗೆ ನೆನಪಿದೆ. ಈ ಸಲ ಊದಿಸಿಕೊಳ್ಳುವುದಿಲ್ಲ.

ನಮ್ಮ ಹಳೆಯ ಕತೆಯನ್ನು ಅವನು ನಿನಗೆ ಹೇಳಿರುತ್ತಾನೆ. ಆದರೆ ಅವನು ಮಲಗಿದ್ದವನು, ನಾನು ಪಕ್ಕದಲ್ಲಿ ಕೂತಿದ್ದವಳು, ಇಬ್ಬರ ಕತೆಯೂ ಒಂದೇ ಆಗಿರುವುದಿಲ್ಲ. ಅವನ ತಲೆಯಲ್ಲಿ ನೀರು ತುಂಬುತ್ತದೆಂದು ಗೊತ್ತಾದಾಗ ಅವನಿನ್ನೂ ಕೈಗೂಸು, ನನಗೆ ಹದಿಮೂರು. ತಲೆಯಿಂದ ಹೊಟ್ಟೆಗೆ ಚರ್ಮದಡಿಯಲ್ಲೇ ಒಂದು ಸಣ್ಣ ಕೊಳವೆ ಹಾಕಿದರು. ಡಾಕ್ಟರುಗಳು ಶಂಟ್ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಅದು ಪೈಪು. ಅಪ್ಪ ಬೇಗ ಹೋದರು. ಅವನಿಗೆ ಆರು ತುಂಬಿದ ವರ್ಷ ಅಮ್ಮನೂ ಹೋದಳು. ಹೋಗುವ ಮುನ್ನ ನನ್ನ ಮಣಿಕಟ್ಟು ಹಿಡಿದು "ಅವನ ತಲೆ ನೋಡ್ಕೊಳೇ" ಎಂದಳು. ಮನೆ ನೋಡ್ಕೋ, ನಿನ್ನನ್ನ ನೋಡ್ಕೋ ಎಂದೇನೂ ಹೇಳಲಿಲ್ಲ. ಅವಳು ಹೇಳಿದ್ದನ್ನು ನಾನು ಅಕ್ಷರಶಃ ಪಾಲಿಸಿದೆ.

ಅವನಿಗೆ ಒಂಬತ್ತಾದಾಗ ಹೊಟ್ಟೆಯ ಕಡೆ ಸೋಂಕು ತಗುಲಿತು, ಹೊಟ್ಟೆ ಆ ನೀರನ್ನು ಹೀರುವುದನ್ನೇ ಬಿಟ್ಟಿತು. ಆಗ ತಲೆಯ ದೊಡ್ಡ ಡಾಕ್ಟರು ಔಷಧಿ ಚೀಟಿಯ ಹಿಂದೆ ನನಗೊಂದು ಚಿತ್ರ ಬರೆದು ತೋರಿಸಿದರು. ತಲೆ, ಕುತ್ತಿಗೆಯ ರಕ್ತನಾಳ, ಅದರೊಳಗೇ ಇಳಿದು ಹೃದಯದ ಬಲಭಾಗದಲ್ಲಿ ಬಾಯಿ ತೆರೆಯುವ ಪೈಪು. "ನೀರು ಅಲ್ಲಿ ಬಿದ್ದು ರಕ್ತದ ಜೊತೆ ಬೆರೆತುಹೋಗುತ್ತಮ್ಮ. ಆಗಾಗ ಎದೇನೂ ತೋರಿಸ್ತಾ ಇರು" ಎಂದರು. ಮೊದಲ ಎರಡು ವರ್ಷ ತೋರಿಸಿದೆ. ಆಮೇಲೆ ಆ ಡಾಕ್ಟರು ನಿವೃತ್ತರಾದರು, ಆಸ್ಪತ್ರೆ ಬದಲಾಯಿತು, ಫೈಲು ದಪ್ಪವಾಯಿತು, ಎದೆಯ ಮಾತು ಅದರೊಳಗೆಲ್ಲೋ ಸೇರಿಕೊಂಡಿತು. ನನಗೂ ಅದೇನು ದೊಡ್ಡದು ಎನ್ನಿಸಲಿಲ್ಲ. ಮನೆಯಲ್ಲಿ ನೀರು ನಿಲ್ಲುತ್ತದೋ ಎಂದು ನೋಡುತ್ತೇವೆ. ಬಚ್ಚಲಿಗೆ ಹರಿದುಹೋದ ಮೇಲೆ ಬಚ್ಚಲಿಗೆ ಏನಾಯಿತೆಂದು ಯಾರು ಕೇಳುತ್ತಾರೆ?

ಹಾಗಾಗಿ ಇಪ್ಪತ್ತೇಳು ವರ್ಷ ಪ್ರತಿದಿನ ಬೆಳಗ್ಗೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ತಲೆ?" ಅವನ ಉತ್ತರವೂ ಒಂದೇ. "ಭುಜದ ಮೇಲಿದೆ." ಅಷ್ಟಾದರೆ ನನ್ನ ದಿನ ಶುರು. ಗುಂಡಿ, ಜಿಪ್ಪು ಸರಬರಾಜು ಮಾಡುತ್ತಿದ್ದ ಒಬ್ಬ ಮನುಷ್ಯ ನನ್ನನ್ನು ಮದುವೆಯಾಗುತ್ತೇನೆಂದು ನಾಲ್ಕು ವರ್ಷ ಕಾದ. ಅವನ ಜೊತೆ ಎಲ್ಲಿಗೆ ಹೊರಟರೂ ತಮ್ಮನಿಗೆ ತಲೆನೋವು ಬರುತ್ತಿತ್ತೋ, ಬಂದೀತೆಂದು ನಾನೇ ಹೊರಡುತ್ತಿರಲಿಲ್ಲವೋ, ಈಗ ನೆನಪಿಲ್ಲ. ಕೊನೆಗೆ ಅವನು ಬೇರೊಬ್ಬಳನ್ನು ಮದುವೆಯಾಗಿ ಜಿಪ್ಪು ಮಾತ್ರ ಕಳಿಸುತ್ತಿದ್ದ. ನನಗೇನೂ ನಷ್ಟವಾಯಿತೆಂದು ಅನ್ನಿಸಲಿಲ್ಲ. ನನ್ನ ಹತ್ತಿರ ಒಂದು ಇಡೀ ತಲೆ ಇತ್ತಲ್ಲ.

ಆಮೇಲೆ ನೀನು ಬಂದೆ. ಈಜುಕೊಳದ ಸೂಚನಾಫಲಕದಲ್ಲಿ ಆರಡಿ ಆಳ ಎನ್ನುವ ಕಡೆ ಅರವತ್ತಡಿ ಎಂದು ಅಚ್ಚಾಗಿ, ಪ್ರೆಸ್ಸಿನಿಂದ ಕರಡು ತಿದ್ದುವ ನನ್ನ ತಮ್ಮನನ್ನೇ ಅಲ್ಲಿಗೆ ಕಳಿಸಿದರು. ತಪ್ಪು ತನ್ನದಲ್ಲವೆಂದು ಜಗಳ ಕಾಯಲು ಹೋದವನು ಸಂಜೆ ಕೂದಲು ಒದ್ದೆ ಮಾಡಿಕೊಂಡು ಬಂದ. ಮೂವತ್ತೈದು ವರ್ಷ ಹನಿ ನೀರು ತಲೆಗೆ ಹೆಚ್ಚಾಗದಂತೆ ನಾನು ಕಾದಿದ್ದೆ, ಅವನು ಹೋಗಿ ಕೊಳಕ್ಕೇ ಬಿದ್ದಿದ್ದ. "ಅಲ್ಲಿ ಈಜು ಕಲಿಸೋಳೊಬ್ಬಳು ಇದ್ದಾಳಕ್ಕ, ಮಾತಿಗೆ ಮಾತು ಬಿಡಲ್ಲ, ಮೀನಿನ ಹಾಗೆ ಜಾರ್ತಾಳೆ" ಎಂದ. ಅವತ್ತಿನಿಂದ ನೀನು 'ಮೀನು'. ಅವನು ಮುದ್ದಿಗೆ ಕರೆದ, ನಾನು ಮನಸ್ಸಿನೊಳಗೆ ಬೇರೆ ದನಿಯಲ್ಲಿ ಕರೆದೆ.

ನಿನ್ನಲ್ಲಿ ಏನು ತಪ್ಪು ಹುಡುಕಲಿ ಎಂದು ನಾನು ಪಟ್ಟ ಪಾಡು ನಿನಗೆ ಗೊತ್ತಿಲ್ಲ. ನೀನು ಬೇಗ ಏಳುತ್ತೀಯ, ಪಾತ್ರೆ ತೊಳೆಯುತ್ತೀಯ, ನನ್ನನ್ನು ಅತ್ತಿಗೆ ಎಂದು ಬಾಯಿ ತುಂಬ ಕರೆಯುತ್ತೀಯ. ಕ್ಲೋರಿನ್ ವಾಸನೆ ಬಿಟ್ಟರೆ ಇನ್ನೇನು ಹೇಳಲಿ? ಅದನ್ನೇ ಎಂಟು ತಿಂಗಳು ಹೇಳಿದೆ. ಅವನ ಕುತ್ತಿಗೆಯ ಮೇಲಿನ ಆ ಉಬ್ಬನ್ನು, ಪೈಪು ಹಾದುಹೋಗುವ ಗೆರೆಯನ್ನು, ನನ್ನ ಬೆರಳಿಗೆ ಮಾತ್ರ ಗೊತ್ತಿದ್ದ ಅದನ್ನು ನೀನು ಸೋಫಾದಲ್ಲಿ ಕೂತು ಟಿವಿ ನೋಡುತ್ತಾ ಸುಮ್ಮನೆ ಸವರುತ್ತಿದ್ದೆ. ನಾನು ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಜೋರಾಗಿ ಕುಕ್ಕುತ್ತಿದ್ದೆ.

ನಿನ್ನ ಕೆಲಸ ಜನರ ಉಸಿರು ನೋಡುವುದು. ಯಾರು ಎಷ್ಟು ಹೊತ್ತು ಮುಳುಗಿರಬಲ್ಲರು, ಯಾರಿಗೆ ಎಲ್ಲಿ ಉಸಿರು ಕಟ್ಟುತ್ತದೆ ಎಂದು ದಡದಲ್ಲಿ ನಿಂತೇ ಹೇಳುವವಳು ನೀನು. ಒಂದು ದಿನ ನನ್ನ ಅಂಗಡಿಗೆ ಬಂದು, ಬಾಗಿಲಲ್ಲೇ ನಿಂತು ಹೇಳಿದೆ. "ಅತ್ತಿಗೆ, ಇವ್ರು ಎರಡನೇ ಮಹಡಿಗೆ ಬಂದ ತಕ್ಷಣ ಬಗ್ಗಿ ಶೂ ಲೇಸ್ ಕಟ್ಕೋತಾರೆ. ಲೇಸ್ ಬಿಚ್ಚಿರೋದೇ ಇಲ್ಲ. ಉಸಿರು ತಗೊಳ್ಳೋಕೆ ನೆಪ ಅದು." ನಾನು ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ, "ನೀರಲ್ಲಿ ಇರೋರಿಗೆ ಎಲ್ಲರೂ ಮುಳುಗ್ತಿರೋ ಹಾಗೇ ಕಾಣುತ್ತೆ" ಎಂದೆ. ನೀನು ನಕ್ಕುಬಿಟ್ಟೆ. ನನಗೆ ಬೇಕಿದ್ದದ್ದು ನೀನು ಅಳುವುದು.

ಆದರೆ ನನಗೂ ಕಂಡಿತ್ತು. ಸಂಜೆಯ ಹೊತ್ತಿಗೆ ಅವನ ಕಣಕಾಲಿನ ಸುತ್ತ ಕಾಲ್ಚೀಲದ ಎಲಾಸ್ಟಿಕ್ ಬಳೆಯ ಹಾಗೆ ಚರ್ಮದೊಳಗೆ ಇಳಿದಿರುತ್ತಿತ್ತು. "ಬಿಗಿ ಆಗ್ತಿದೆ ಅಕ್ಕ" ಎಂದ. ಅಳತೆ ನೋಡಿ ಜೀವನ ಮಾಡುವವಳು ನಾನು. ಕಾಲು ಯಾಕೆ ದಪ್ಪವಾಯಿತೆಂದು ಕೇಳಬೇಕಿತ್ತು. ನಾನೇನು ಮಾಡಿದೆ ಗೊತ್ತಾ? ಅವನ ಹನ್ನೊಂದು ಜೊತೆ ಕಾಲ್ಚೀಲವನ್ನೂ ತಂದು, ಎಲಾಸ್ಟಿಕ್ ಬಿಚ್ಚಿ, ಸಡಿಲ ಮಾಡಿ ಹೊಲಿದುಕೊಟ್ಟೆ. ಮಲಗಿದರೆ ಎದೆ ಭಾರ ಎಂದಾಗ ನೀನು ಕೊಂಡು ತಂದ ದಿಂಬು ಸಾಲದೆಂದು ನಾನೇ ಹತ್ತಿ ತುಂಬಿ ಎತ್ತರದ ದಿಂಬು ಹೊಲಿದೆ. ಅವನು ಅದಕ್ಕೊರಗಿ "ಆಹಾ" ಎಂದ ಬೆಳಗ್ಗೆ ನಾನು ನಿನ್ನ ಮುಖವನ್ನೇ ನೋಡುತ್ತಾ ಟೀ ಕುಡಿದೆ. ಗೆದ್ದೆ ಎಂದುಕೊಂಡೆ. ಅವನ ರೋಗಕ್ಕೆ ಅಚ್ಚುಕಟ್ಟಾಗಿ ಅಳತೆ ತೆಗೆದು ಬಟ್ಟೆ ಹೊಲಿದುಕೊಟ್ಟೆ ಅಷ್ಟೆ.

ಈಗ ಆ ಚೀಟಿಯ ವಿಷಯ.

ನಾಲ್ಕು ತಿಂಗಳ ಹಿಂದೆ, ತಲೆಯ ತಪಾಸಣೆಯ ದಿನ, ನೀನು ಈಜು ಕಲಿಸುವ ಮಕ್ಕಳಿಗೆ ಸ್ಪರ್ಧೆಯಿತ್ತು. ನೀನು ಬರಲಾಗಲಿಲ್ಲ. ಒಂದು ಚೀಟಿ ಬರೆದು "ಇದನ್ನ ಡಾಕ್ಟ್ರಿಗೆ ತೋರಿಸ್ತೀರಾ ಅತ್ತಿಗೆ" ಎಂದು ಕೊಟ್ಟೆ. ಮೆಟ್ಟಿಲಲ್ಲಿ ಉಸಿರು, ಸಂಜೆ ಕಾಲು ಬಾವು, ಎತ್ತರದ ದಿಂಬು, ನೀಲಿಗಟ್ಟುವ ತುಟಿ, ಒಂದೊಂದಕ್ಕೂ ತಾರೀಖು. ನಾನದನ್ನು ತೋರಿಸುವ ಮನಸ್ಸಿಲ್ಲದೆ ಫೈಲಿನೊಳಗೆ ಸಿಕ್ಕಿಸಿದ್ದೆ. ಅವನು ಕಣ್ಣಿನ ಪರೀಕ್ಷೆಗೆಂದು ಪಕ್ಕದ ಕೋಣೆಗೆ ಹೋಗಿದ್ದಾಗ, ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಫೈಲು ತಿರುವಿದಳು. ಚೀಟಿ ಅವಳ ಕೈಗೇ ಸಿಕ್ಕಿತು. ಎರಡು ಸಲ ಓದಿದಳು. "ಇದನ್ನ ಬರೆದವರು ಯಾರು?" ಎಂದಳು. ತಮ್ಮನ ಹೆಂಡತಿ ಎಂದೆ. "ಎಷ್ಟು ಚೆನ್ನಾಗಿ ಗಮನಿಸಿದ್ದಾರೆ! ಇಂಥವರು ಒಬ್ಬರು ಮನೇಲಿದ್ರೆ ನಮ್ಮ ಕೆಲಸ ಅರ್ಧ ಆದ ಹಾಗೆ" ಎಂದು ಹೇಳಿ, ಹೃದಯದ ಎಕೋ ಪರೀಕ್ಷೆಗೆ ಬರೆದುಕೊಟ್ಟಳು. "ಈ ವಾರದಲ್ಲೇ ಮಾಡಿಸಿ. ಪೈಪಿನ ತುದಿ ಹೃದಯದಲ್ಲಿದೆ, ಅಲ್ಲಿ ರಕ್ತ ಹೆಪ್ಪುಗಟ್ಟೋದುಂಟು."

ಇಪ್ಪತ್ತೇಳು ವರ್ಷ ಆ ಕಾರಿಡಾರುಗಳಲ್ಲಿ ನನ್ನ ಚಪ್ಪಲಿ ಸವೆದಿದೆ. ಯಾವ ಡಾಕ್ಟರೂ ಒಂದು ದಿನ ನನಗೆ ಚೆನ್ನಾಗಿ ಗಮನಿಸಿದ್ದೀರಿ ಎಂದಿಲ್ಲ. ಬಂದು ಎಂಟೇ ತಿಂಗಳಾಗಿದ್ದವಳಿಗೆ, ಅಂದು ಆ ಕೋಣೆಯಲ್ಲಿ ಇರದಿದ್ದವಳಿಗೆ ಆ ಮಾತು ಹೋಯಿತು. ನನ್ನ ಕಿವಿ ಕಾದುಹೋಯಿತು. ಎಕೋ ಚೀಟಿಯನ್ನೂ ನಿನ್ನ ಚೀಟಿಯನ್ನೂ ನಾಲ್ಕು ಮಡಿಕೆ ಮಾಡಿ ಬ್ಲೌಸಿಗೆ ಸೇರಿಸಿದೆ. ಅವನು ಕಣ್ಣುಜ್ಜಿಕೊಳ್ಳುತ್ತಾ ಬಂದು "ಏನಂದ್ರು?" ಎಂದ. "ಎಲ್ಲ ಸರಿಯಿದೆ ಅಂದ್ರು" ಎಂದೆ. ಸಂಜೆ ನೀನು ಒದ್ದೆ ಚೀಲ ಹೆಗಲಲ್ಲಿರುವಾಗಲೇ ಓಡಿಬಂದು ಕೇಳಿದಾಗ, ನಿನಗೆ ಇನ್ನೂ ಒಂದು ಮಾತು ಸೇರಿಸಿದೆ. "ಚೀಟಿ ನೋಡಿದ್ರು. ಏನೂ ಇಲ್ವಂತೆ, ಸ್ವಲ್ಪ ತೂಕ ಇಳಿಸಬೇಕಂತೆ." ನಿನ್ನ ಮುಖ ಸಣ್ಣದಾಯಿತು. ಆಮೇಲೆ ನೀನೇ ನನ್ನ ಕೈ ಹಿಡಿದು "ಸದ್ಯ, ನಾನೇ ಸುಮ್ಮನೆ ಹೆದರಿಕೊಂಡೆ" ಎಂದೆ.

ಎರಡೂ ಚೀಟಿ ಈ ಕಾಗದದ ಜೊತೆ ಪಿನ್ನು ಹಾಕಿದ್ದೇನೆ. ಇಷ್ಟು ದಿನ ಅಂಗಡಿಯ ಗುಂಡಿ ಡಬ್ಬಿಯ ತಳದಲ್ಲಿದ್ದವು. ವಾರ ಕಳೆಯಲಿ ಹೇಳುತ್ತೇನೆ ಎಂದುಕೊಂಡೆ. ವಾರ ಕಳೆದ ಮೇಲೆ, ಈಗ ಹೇಳಿದರೆ ವಾರ ತಡವಾದದ್ದಕ್ಕೆ ಏನು ಹೇಳಲಿ ಎನ್ನಿಸಿತು. ತಿಂಗಳಾದ ಮೇಲೆ ಅವನ ತುಟಿ ನೋಡುವುದನ್ನೇ ಬಿಟ್ಟೆ. ಬೆಳಗ್ಗೆ ತಲೆ ಕೇಳುತ್ತಿದ್ದೆ, ಭುಜದ ಮೇಲಿದೆ ಎನ್ನುತ್ತಿದ್ದ, ಅದನ್ನೇ ನಂಬಿಕೊಂಡೆ.

ಮುಂದಿನದು ನಿನಗೇ ಗೊತ್ತು. ನಿನ್ನ ಮಕ್ಕಳ ಈಜು ನೋಡಲು ಬಂದವನು ಗ್ಯಾಲರಿಯ ಎಂಟು ಮೆಟ್ಟಿಲು ಹತ್ತಲಾರದೆ ಕುಸಿದ. ನೀನು ಈಜುಡುಗೆಯ ಮೇಲೆ ಟವೆಲು ಸುತ್ತಿಕೊಂಡೇ ಅವನನ್ನು ಹೃದಯದ ಆಸ್ಪತ್ರೆಗೆ ಹೊತ್ತೊಯ್ದೆ. ನಾನು ಹೋಗುವಷ್ಟರಲ್ಲಿ ಎಕೋ ಆಗಿತ್ತು. ಪೈಪಿನ ತುದಿಯಲ್ಲಿ ದ್ರಾಕ್ಷಿಯಷ್ಟು ದೊಡ್ಡ ಹೆಪ್ಪು. ಅದರಿಂದ ಚೂರುಚೂರು ಉದುರಿ ವರ್ಷಗಳಿಂದ ಶ್ವಾಸಕೋಶಕ್ಕೆ ಹೋಗಿ, ಅಲ್ಲಿನ ನಾಳಗಳು ಬಿರುಸಾಗಿ, ಅವುಗಳ ವಿರುದ್ಧ ರಕ್ತ ತಳ್ಳಿ ತಳ್ಳಿ ಹೃದಯದ ಬಲಗಡೆ ಹಿಗ್ಗಿಹೋಗಿದೆ ಎಂದರು. ಹೆಪ್ಪು ತೆಗೆಯಬೇಕು, ಪೈಪನ್ನು ಹೃದಯದಿಂದ ಎಳೆದು ಮತ್ತೆ ಹೊಟ್ಟೆಗೆ ಹಾಕಬೇಕು, ಹೊಟ್ಟೆ ಈಗ ಒಪ್ಪಿಕೊಳ್ಳಬಹುದು. ಶ್ವಾಸಕೋಶದ ಒತ್ತಡ ಮಾತ್ರ ಪೂರ್ತಿ ಇಳಿಯದೆಯೂ ಇರಬಹುದು. ಆಮೇಲೆ ಹೃದಯದ ಡಾಕ್ಟರು ನನ್ನ ಕಡೆಗೂ ನಿನ್ನ ಕಡೆಗೂ ನೋಡಿ ಹೇಳಿದ್ದು ನೆನಪಿದೆಯಲ್ಲ? "ನಾಲ್ಕೈದು ತಿಂಗಳು ಮೊದಲೇ ಬಂದಿದ್ರೆ ಔಷಧಿಯಲ್ಲೇ ಕರಗಿಸೋಕೆ ನೋಡಬಹುದಿತ್ತು."

ನಾನು ನೆಲ ನೋಡುತ್ತಿದ್ದೆ. ನೀನು ಬಾಯಿ ಬಿಟ್ಟೆ. "ತಪ್ಪು ನಂದೇ ಡಾಕ್ಟ್ರೇ. ಆವತ್ತು ನಾನೇ ಬರಬೇಕಿತ್ತು. ನಾನು ಬರೆದಿದ್ದು ಸರಿಯಾಗಿ ಅರ್ಥ ಆಗ್ಲಿಲ್ಲ ಅನ್ಸುತ್ತೆ. ಅತ್ತಿಗೆ ಇಲ್ದಿದ್ರೆ ಇವ್ರು ಇಷ್ಟು ವರ್ಷ ಉಳೀತಾನೇ ಇರ್ಲಿಲ್ಲ." ಅಷ್ಟು ಹೇಳಿ ಗೋಡೆಗೆ ಹಣೆ ಕೊಟ್ಟು ಅತ್ತೆ. ಆ ಹೊತ್ತಿಗೆ ನಾನು ಬಾಯಿ ಬಿಡಬೇಕಿತ್ತು. ನಿನ್ನ ಬೆನ್ನು ಸವರಿದೆ. ನಿನ್ನ ಬೆನ್ನು ಸವರಿ "ಅಳಬೇಡ, ಏನೋ ಆಗಿಹೋಯ್ತು" ಎಂದು ನಿನ್ನನ್ನು ಕ್ಷಮಿಸಿದವಳಂತೆ ಮಾತಾಡಿದೆ. ಮಾಡಿದ್ದರಲ್ಲೆಲ್ಲ ಅತ್ಯಂತ ನೀಚ ಕೆಲಸ ಯಾವುದೆಂದು ಕೇಳಿದರೆ, ಎಕೋ ಚೀಟಿ ಮುಚ್ಚಿಟ್ಟದ್ದಲ್ಲ, ಇದು.

ಅಷ್ಟಾದರೂ ಬುದ್ಧಿ ಬಂತೇ? ಆಪರೇಷನ್ ಆದ ಮಾರನೇ ದಿನ ಅವನಿಗೆ ಎಚ್ಚರವಾಯಿತು, ಒಬ್ಬರು ಮಾತ್ರ ಒಳಗೆ ಬರಬಹುದು ಎಂದರು. ನಾನು ಯಾರನ್ನೂ ಕೇಳದೆ ಎದ್ದು, ಹಸಿರು ಗೌನು ತೊಟ್ಟು, ಕಾಲಿಗೆ ಪ್ಲಾಸ್ಟಿಕ್ ಚೀಲ ಏರಿಸಿಕೊಂಡು ನಿಂತೆ. ನರ್ಸ್ ಒಳಗಿನಿಂದ ಬಂದು "ಮೀನು ಅಂದ್ರೆ ಯಾರು? ಪೇಷೆಂಟ್ ಮೀನು ಬೇಕು ಅಂತಿದಾರೆ" ಎಂದಳು. ಪಕ್ಕದ ಬೆಂಚಿನವರು ತಿನ್ನುವ ಮೀನೆಂದುಕೊಂಡು ನಕ್ಕರು. ನಾನು ಗೌನು ಬಿಚ್ಚಿ ನಿನಗೆ ಕೊಟ್ಟೆ. ಅದರ ಲಾಡಿಯನ್ನು ನಾನೇ ನಿನ್ನ ಬೆನ್ನಿಗೆ ಕಟ್ಟಿದೆ, ಬೇಕಂತಲೇ ಬಿಗಿಯಾಗಿ. ಆ ಬಿಗಿಯಲ್ಲಿ ನನ್ನ ಹೊಟ್ಟೆಕಿಚ್ಚು ಎಷ್ಟಿತ್ತೆಂದು ನಿನಗೆ ತಿಳಿಯಲಿಲ್ಲ. ನೀನು ತಿರುಗಿ ನನ್ನ ಕೆನ್ನೆಗೆ ಮುತ್ತು ಕೊಟ್ಟು ಒಳಗೆ ಓಡಿದೆ.

ಆ ಮುತ್ತು ಕೊಟ್ಟ ಮೇಲೆ ಹನ್ನೊಂದು ದಿನ ನಾನು ಸರಿಯಾಗಿ ಊಟ ಮಾಡಿಲ್ಲ. ಇದನ್ನು ಹೇಳುತ್ತಿರುವುದು ನೀನು ಅಯ್ಯೋ ಎನ್ನಲಿ ಎಂದಲ್ಲ. ನಿನ್ನೆ ವಾರ್ಡಿನಲ್ಲಿ ನೀನು ಮತ್ತೆ ಅದೇ ಮಾತು ಎತ್ತಿದೆ, ಇನ್ನೂ ಸ್ಪಷ್ಟವಾಗಿ ಬರೆಯಬೇಕಿತ್ತು ಎಂದು. ಇನ್ನು ಮೂವತ್ತು ವರ್ಷ ಅವನು ಮೆಟ್ಟಿಲಲ್ಲಿ ನಿಂತು ಉಸಿರೆಳೆದಾಗಲೆಲ್ಲ ನೀನು ಆ ಚೀಟಿಯನ್ನೇ ನೆನೆಯುತ್ತೀಯ. ನೀನು ಚೆನ್ನಾಗಿಯೇ ಬರೆದಿದ್ದೆ. ಡಾಕ್ಟರಮ್ಮನಿಗೆ ಒಂದೇ ನಿಮಿಷದಲ್ಲಿ ಅರ್ಥವಾಯಿತು. ಅವಳು ನಿನ್ನನ್ನು ಹೊಗಳಿದಳು. ಆ ಹೊಗಳಿಕೆ ನಿನ್ನದು, ನಾಲ್ಕು ತಿಂಗಳು ತಡವಾಗಿ ತಲುಪಿಸುತ್ತಿದ್ದೇನೆ.

ಅವನಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಹೇಳಿದರೆ ಅವನು ನನ್ನ ಮುಖ ನೋಡುವುದಿಲ್ಲ, ನನಗೆ ಗೊತ್ತು. ನಾನಿಲ್ಲದ ಮನೆಗೆ ಅವನನ್ನು ಕರೆದುಕೊಂಡು ಹೋದರೂ ನಾನು ಬಾಗಿಲಿಗೆ ಬಂದು ನಿಲ್ಲುವುದಿಲ್ಲ. ಉರಿಯಂತೂ ಉರಿಯುತ್ತದೆ. ಅದನ್ನು ಇಲ್ಲ ಎನ್ನಲಾರೆ, ಈಗಲೂ ಗಡಿಯಾರ ನೋಡಿ ನೀನು ಅವನ ತಲೆ ಬಾಚುವ ಹೊತ್ತಾಯಿತು ಎಂದುಕೊಂಡೆ. ಆದರೆ ಆ ಉರಿ ಇನ್ನು ನನ್ನೊಬ್ಬಳನ್ನೇ ಸುಡಲಿ.

ಇನ್ನೊಂದಿದೆ, ಎಲ್ಲಕ್ಕಿಂತ ಕಷ್ಟದ್ದು. ಹೊಸ ಪೈಪೂ ಎಂದಾದರೊಂದು ದಿನ ಕಟ್ಟಿಕೊಳ್ಳಬಹುದು. ನೀನು ಮನೆಗೆ ಬಂದ ವಾರವೇ, ಕಟ್ಟಿಕೊಂಡರೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೆ. ತಲೆನೋವು, ಬೆಳಗಿನ ವಾಂತಿ, ಮಂಪರು, ಒಂದು ಎರಡಾಗಿ ಕಾಣುವುದು ಎಂದು ನಾನು ಹೇಳಿಕೊಟ್ಟೆ. ನೀನು ಬಾಯಿಪಾಠ ಮಾಡಿದೆ. ಅವೆಲ್ಲ ನಿಜವೇ. ಆದರೆ ಅವನಿಗೆ ಅವು ಕೊನೆಯಲ್ಲಿ ಬರುವಂಥವು. ಎಲ್ಲಕ್ಕಿಂತ ಮೊದಲು ಬರುವುದೊಂದನ್ನು ನಾನು ಹೇಳಲಿಲ್ಲ. ಯಾವ ಡಾಕ್ಟರಿಗೂ ಹೇಳಿಲ್ಲ. ಅದೊಂದು ನನ್ನ ಹತ್ತಿರವೇ ಇದ್ದರೆ ನೀನು ಎಂದಾದರೂ ನನ್ನ ಬಾಗಿಲಿಗೇ ಬರಬೇಕಾಗುತ್ತದೆ ಎಂದು ಬಚ್ಚಿಟ್ಟುಕೊಂಡಿದ್ದೆ.

ಅವನು ಒಳ್ಳೆಯವನಾಗಿಬಿಡುತ್ತಾನೆ. ಅಷ್ಟೆ. ಎರಡು ದಿನ ಮೊದಲೇ ವಾದ ಮಾಡುವುದು ನಿಲ್ಲುತ್ತದೆ. ಸಪ್ಪೆ ಸೂಪನ್ನೂ ಚೆನ್ನಾಗಿದೆ ಎನ್ನುತ್ತಾನೆ, ಪತ್ರಿಕೆಯಲ್ಲಿ ತಪ್ಪು ಅಚ್ಚಾಗಿದ್ದರೂ ಓದಿ ಮಡಿಸಿಡುತ್ತಾನೆ. ಹದಿನೇಳರಲ್ಲಿ ಹಾಗೇ ಆಯಿತು, ನನಗೆ ತಿಳಿಯಲಿಲ್ಲ, ಪ್ರಾಣದವರೆಗೆ ಹೋಗಿ ಬಂದ. ಇಪ್ಪತ್ತೆಂಟರಲ್ಲಿ ಒಂದು ಬೆಳಗ್ಗೆ "ಹೂಂ ಅಕ್ಕ, ನೀನು ಹೇಳಿದ್ದೇ ಸರಿ" ಎಂದ. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೇ ಬಿಟ್ಟು ಟ್ಯಾಕ್ಸಿ ಕರೆಸಿದೆ. ಆಸ್ಪತ್ರೆಯಲ್ಲಿ ತಲೆ ತೆರೆದಾಗ, ಇನ್ನರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು. ಆದ್ದರಿಂದ ಗಂಡ ಕೊನೆಗೂ ಮೆತ್ತಗಾದ, ದಾರಿಗೆ ಬಂದ ಎಂದು ಖುಷಿಪಡಬೇಡ. ಒಂದೇ ದಿನದಲ್ಲಿ ಎರಡು ಸಲ ಅವನು ನಿನ್ನ ಮಾತು ಒಪ್ಪಿದರೆ ತಲೆನೋವಿಗೆ ಕಾಯಬೇಡ. ನನ್ನನ್ನು ಕೇಳಲೂ ಬೇಡ, ನೇರ ಆಸ್ಪತ್ರೆಗೆ ಓಡು.

ಇನ್ನು ನನ್ನ ಹತ್ತಿರ ಅವನದೇನೂ ಉಳಿದಿಲ್ಲ. ಎಲ್ಲವನ್ನೂ ನಿನಗೆ ಕೊಟ್ಟಿದ್ದೇನೆ.

ನೀನು ಹೌದೆಂದದ್ದಕ್ಕೆ ಅವನು ಅಲ್ಲವೆನ್ನಲಿ. ನಿನ್ನ ಅಡುಗೆಗೆ ಹೆಸರಿಡಲಿ, ನಿನ್ನ ಲೆಕ್ಕಾಚಾರಕ್ಕೆ ಅಡ್ಡಗಾಲು ಹಾಕಲಿ. ಹಲ್ಲು ಉದುರಿ ಕೂದಲು ನೆರೆಯುವ ತನಕ, ಒಂದು ದಿನವೂ ಬಿಡದೆ, ಅವನು ನಿನ್ನ ಜೊತೆ ಜಗಳವಾಡುತ್ತಲೇ ಇರಲಿ.

ಹೀಗೆಂದು ಹರಸುವ,
ನಿನ್ನ ಅತ್ತಿಗೆ